ಚಿಕ್ಕಮಗಳೂರಿನಲ್ಲಿ ಮನೆ ಕಂದಾಯ: ಕಟ್ಟುವುದು ಹೇಗೆ, ಕಟ್ಟಿದ ದುಡ್ಡಿನ ಲೆಕ್ಕ ಕೇಳುವುದು ಹೇಗೆ

ಏಪ್ರಿಲ್ ಬಂತೆಂದರೆ ಕಂದಾಯ ಕಟ್ಟುವ ಕೌಂಟರಿನ ಮುಂದೆ ಸಾಲು. ಸಾಲಿನಲ್ಲಿ ಕೇಳಿಸುವ ಮಾತೂ ಪ್ರತಿವರ್ಷ ಅದೇ: ಇಷ್ಟು ದುಡ್ಡು ತಗೋತಾರೆ, ನಮ್ಮ ಬೀದಿ ಚರಂಡಿ ಮಾತ್ರ ಹಾಗೇ ಇದೆ. ದೂರು ನ್ಯಾಯವಾದದ್ದೇ ಇರಬಹುದು. ಆದರೆ ರಸೀದಿ ಕೊಡುವವರ ಹತ್ತಿರ ಅದನ್ನು ಹೇಳಿ ಏನೂ ಆಗುವುದಿಲ್ಲ. ಚರಂಡಿಗೆ ದುಡ್ಡು ಇಡಬೇಕೋ ಬೇಡವೋ ಎಂದು ತೀರ್ಮಾನವಾಗುವುದು ಚಳಿಗಾಲದಲ್ಲಿ, ಮುಂದಿನ ವರ್ಷದ ಬಜೆಟ್ ತಯಾರಾಗುವಾಗ. ಆಗ ಕರೆಯುವ ಸಾರ್ವಜನಿಕರ ಸಭೆಗೆ ಹೋಗುವವರು ಬೆರಳೆಣಿಕೆ ಜನ. ಹಾಗಾಗಿ ಈ ಲೇಖನದ ಅರ್ಧ ಭಾಗ ಕಂದಾಯ ಸರಿಯಾಗಿ ಕಟ್ಟುವುದರ ಬಗ್ಗೆ, ಇನ್ನರ್ಧ ಕಟ್ಟಿದ ದುಡ್ಡಿನ ಬೆನ್ನು ಹತ್ತುವುದರ ಬಗ್ಗೆ. ಉದಾಹರಣೆಗಳು ಚಿಕ್ಕಮಗಳೂರು ನಗರದ್ದು. ಕಡೂರು, ಬೀರೂರು, ತರೀಕೆರೆ ಪುರಸಭೆಯವರಿಗೂ, ಮೂಡಿಗೆರೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಪಟ್ಟಣ ಪಂಚಾಯಿತಿಯವರಿಗೂ ಹೆಚ್ಚು ಕಡಿಮೆ ಇದೇ ದಾರಿ, ಯಾಕೆಂದರೆ ಎಲ್ಲವೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಅಡಿಯಲ್ಲೇ ನಡೆಯುತ್ತವೆ.

ಮೊದಲು, ನಿಮ್ಮ ಮನೆ ಯಾರ ಲೆಕ್ಕದಲ್ಲಿದೆ ನೋಡಿಕೊಳ್ಳಿ

ಇದೇನು ಕೇಳುವ ಪ್ರಶ್ನೆಯಾ ಅನ್ನಿಸಬಹುದು. ಕೋಟೆ, ಬಸವನಹಳ್ಳಿ, ವಿಜಯಪುರದಂಥ ಹಳೇ ಬಡಾವಣೆಗಳವರಿಗೆ ಇದರಲ್ಲಿ ಗೊಂದಲವಿಲ್ಲ, ಅವರು ನಗರಸಭೆಯ 35 ವಾರ್ಡುಗಳ ಒಳಗೇ ಇದ್ದಾರೆ. ಗೊಂದಲ ಇರುವುದು ಊರಿನ ಅಂಚಿನಲ್ಲಿ. ರಸ್ತೆಯ ಈ ಕಡೆ ನಗರಸಭೆ, ಆ ಕಡೆ ಗ್ರಾಮ ಪಂಚಾಯಿತಿ ಎನ್ನುವಂಥ ಜಾಗಗಳಿವೆ. ನಗರಾಭಿವೃದ್ಧಿ ಪ್ರಾಧಿಕಾರದವರು ಮಾಡಿದ ಬಡಾವಣೆ ಇನ್ನೂ ನಗರಸಭೆಗೆ ಹಸ್ತಾಂತರ ಆಗಿಲ್ಲದಿದ್ದರೆ ಕಂದಾಯವನ್ನು ಪ್ರಾಧಿಕಾರದಲ್ಲೇ ಕಟ್ಟಬೇಕಾಗುತ್ತದೆ, ಬೀದಿದೀಪ ಕೆಟ್ಟರೆ ಮೊದಲು ಕೇಳಬೇಕಾದದ್ದೂ ಅವರನ್ನೇ.

ಗೊತ್ತುಮಾಡಿಕೊಳ್ಳಲು ಸುಲಭದ ದಾರಿ ಇದೆ. ನಿಮ್ಮ ಖಾತೆ ಕಾಗದ ತೆಗೆದು ನೋಡಿ. ನಮೂನೆ 9 ಅಥವಾ 11 ಅಂತ ಇದ್ದರೆ ಅದು ಗ್ರಾಮ ಪಂಚಾಯಿತಿಯ ಇ-ಸ್ವತ್ತು. ನಮೂನೆ 3 ಇದ್ದರೆ ನಗರಸಭೆಯ ಇ-ಆಸ್ತಿ. ಪಂಚಾಯಿತಿ ಆಸ್ತಿಗೆ 1993ರ ಪಂಚಾಯತ್ ರಾಜ್ ಕಾಯ್ದೆ, ಅದರ ನಿಯಮ, ದರ ಎಲ್ಲ ಬೇರೆ. ಮುಳ್ಳಯ್ಯನಗಿರಿ ಕಡೆಯ, ಮಲ್ಲಂದೂರು ಕಡೆಯ ಹೋಂಸ್ಟೇಗಳು ಬಹುಪಾಲು ಪಂಚಾಯಿತಿ ಲೆಕ್ಕದಲ್ಲೇ ಬರುತ್ತವೆ. ವಾರಾಂತ್ಯಕ್ಕೆ ಬರುವ ಕಾರುಗಳು ತುಂಬಿಕೊಳ್ಳುವುದು ನಗರದ ರಸ್ತೆಯನ್ನು, ಅವರು ತಂಗುವ ಕಟ್ಟಡದ ಕಂದಾಯ ಹೋಗುವುದು ಪಂಚಾಯಿತಿಗೆ. ಇದು ನಮ್ಮ ಊರಿನ ಹಳೇ ತಲೆನೋವು, ಸದ್ಯಕ್ಕೆ ಬಿಡಿ.

ಕಂದಾಯ ಎಷ್ಟು ಅಂತ ನೀವೇ ಲೆಕ್ಕ ಹಾಕಿ

ಕಾಗದದ ಮೇಲಂತೂ ಇದು ಸ್ವಯಂ ಘೋಷಿತ ತೆರಿಗೆ. ನಗರ ಸ್ಥಳೀಯ ಸಂಸ್ಥೆಗಳಲ್ಲಿ 2002ರಿಂದ ಈ ಪದ್ಧತಿ ಇದೆ. ನನ್ನ ನಿವೇಶನ ಇಷ್ಟು, ಕಟ್ಟಡ ಇಷ್ಟು ಚದರಡಿ, ಇಂಥ ವರ್ಷ ಕಟ್ಟಿದ್ದು, ಹೀಗೆ ಬಳಸುತ್ತಿದ್ದೇನೆ ಎಂದು ಮಾಲೀಕನೇ ಬರೆದುಕೊಡಬೇಕು. ಮೊದಲಿದ್ದ ಪದ್ಧತಿಯಲ್ಲಿ ಅಧಿಕಾರಿ ಬಂದು ಬಾಡಿಗೆ ಎಷ್ಟು ಬರಬಹುದು ಅಂತ ಅಂದಾಜು ಮಾಡುತ್ತಿದ್ದರು, ಅಂದಾಜಿನಲ್ಲಿ ಏನೇನು ನಡೆಯುತ್ತಿತ್ತು ಅಂತ ಹಿರಿಯರನ್ನು ಕೇಳಿದರೆ ಹೇಳುತ್ತಾರೆ.

ಲೆಕ್ಕ ಸ್ಥೂಲವಾಗಿ ಹೀಗೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನಿಮ್ಮ ಬಡಾವಣೆಗೆ ಒಂದು ಮಾರ್ಗಸೂಚಿ ಬೆಲೆ ಇರುತ್ತದೆ. ಜಾಗಕ್ಕೆ ಆ ಬೆಲೆ, ಕಟ್ಟಡಕ್ಕೆ ಅದು ಯಾವ ಬಗೆಯದು ಎನ್ನುವುದರ ಮೇಲೆ ಒಂದು ದರ. ಆರ್‌ಸಿಸಿ ಮನೆಗೆ ಜಾಸ್ತಿ, ಹೆಂಚಿನ ಮನೆಗೆ ಕಡಿಮೆ. ಮನೆ ಹಳೆಯದಾದಷ್ಟೂ ಸವಕಳಿ ಕಳೆಯುತ್ತಾರೆ. ಬಂದ ಮೌಲ್ಯದಲ್ಲಿ ಕಾಯ್ದೆ ಹೇಳಿದಷ್ಟು ಪಾಲನ್ನು ಮಾತ್ರ ತೆರಿಗೆಗೆ ತೆಗೆದುಕೊಂಡು, ಅದರ ಮೇಲೆ ನಗರಸಭೆ ತೀರ್ಮಾನಿಸಿದ ಶೇಕಡಾ ದರ ಹಾಕುತ್ತಾರೆ. ವಾಸದ ಮನೆ, ವಾಣಿಜ್ಯ ಕಟ್ಟಡ, ಖಾಲಿ ನಿವೇಶನ, ಮೂರಕ್ಕೂ ಮೂರು ದರ.

ಹೌದು, ಖಾಲಿ ಸೈಟಿಗೂ ಕಂದಾಯ ಇದೆ. ಬೆಂಗಳೂರಿನಲ್ಲಿದ್ದುಕೊಂಡು ಇಲ್ಲಿ ಸೈಟು ಇಟ್ಟಿರುವವರು ಸುಮಾರು ಜನ ಇದನ್ನು ಮರೆತೇ ಬಿಡುತ್ತಾರೆ. ಹತ್ತು ವರ್ಷದ ಮೇಲೆ ಮಾರಲು ಬಂದಾಗ ಬಾಕಿ, ದಂಡ ಎಲ್ಲ ಸೇರಿ ಎದುರಿಗೆ ನಿಂತಿರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿ ಬರೀ ಲೆಕ್ಕಕ್ಕೆ. ನಿಮ್ಮ ಮನೆಯ ತೆರಿಗೆ ಮೌಲ್ಯ 10 ಲಕ್ಷ, ದರ ಶೇ 0.4 ಅಂದುಕೊಳ್ಳಿ. ತೆರಿಗೆ 4,000 ರೂಪಾಯಿ. ಇದರ ಮೇಲೆ ಉಪಕರಗಳು: ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಒಟ್ಟು ಶೇ 24, ಅಂದರೆ 960 ರೂಪಾಯಿ. ಅಲ್ಲಿಗೆ 4,960 ಆಯಿತು. ಇದರ ಜೊತೆ ಕಸ ವಿಲೇವಾರಿ ಶುಲ್ಕ ಸೇರುತ್ತದೆ. ನೀರಿನ ಕಂದಾಯ ಮಾತ್ರ ಬೇರೆ ಬಿಲ್ಲು.

ಈಗ ತಿಂಗಳ ಆಟ ನೋಡಿ. ಏಪ್ರಿಲ್ 30ರೊಳಗೆ ಕಟ್ಟಿದರೆ ತೆರಿಗೆಯಲ್ಲಿ ಶೇ 5 ರಿಯಾಯಿತಿ, ನಮ್ಮ ಲೆಕ್ಕದಲ್ಲಿ 200 ರೂಪಾಯಿ ಉಳಿಯಿತು. ಕೆಲವು ವರ್ಷ ಸರ್ಕಾರ ಈ ಗಡುವನ್ನು ಮುಂದಕ್ಕೆ ಹಾಕಿದ್ದೂ ಇದೆ, ಆದರೆ ಅದನ್ನೇ ನಂಬಿ ಕೂರಬೇಡಿ. ಮೇ, ಜೂನ್‌ನಲ್ಲಿ ಕಟ್ಟಿದರೆ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈ 1ರಿಂದ ತಿಂಗಳಿಗೆ ಶೇ 2 ದಂಡ. ಮಾರ್ಚ್‌ವರೆಗೆ ಎಳೆದರೆ ಒಂಬತ್ತು ತಿಂಗಳಿಗೆ ಶೇ 18, ಅಂದರೆ 720 ರೂಪಾಯಿ. ಒಟ್ಟು 920 ರೂಪಾಯಿ ವ್ಯತ್ಯಾಸ, ಸುಮ್ನೆ ತಡ ಮಾಡಿದ್ದಕ್ಕೆ.

ಪ್ರತಿವರ್ಷ ಮೊತ್ತ ಸ್ವಲ್ಪ ಸ್ವಲ್ಪ ಏರುವುದಕ್ಕೂ ಕಾರಣವಿದೆ. ಮುಂಚೆ ಮೂರು ವರ್ಷಕ್ಕೊಮ್ಮೆ ಶೇ 15ರಿಂದ 30ರವರೆಗೆ ಒಂದೇ ಸಲ ಏರಿಸುತ್ತಿದ್ದರು. ಈಗ ವರ್ಷಕ್ಕೆ ಶೇ 3ರಿಂದ 5. 15ನೇ ಹಣಕಾಸು ಆಯೋಗ ಒಂದು ಷರತ್ತು ಹಾಕಿತ್ತು: ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಮಾಡಬೇಕು, ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ವಸೂಲಿಯೂ ಏರಬೇಕು, ಇಲ್ಲದಿದ್ದರೆ ಕೇಂದ್ರದ ಅನುದಾನ ಕೊಡುವುದಿಲ್ಲ. ಆ ಕಾಲಕ್ಕೇ ನಮ್ಮಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಹಾಗಾಗಿ ಕಂದಾಯ ಏರಿದ್ದಕ್ಕೆ ವಾರ್ಡ್ ಸದಸ್ಯರನ್ನು ಬಯ್ಯುವ ಮುಂಚೆ ಸ್ವಲ್ಪ ತಡೆಯಿರಿ. ಆ ವಿಷಯದಲ್ಲಿ ಅವರ ಕೈಯಲ್ಲಿ ಇರುವುದು ಕಡಿಮೆ.

ಘೋಷಣೆಯಲ್ಲಿ ಎಡವುವ ಜಾಗಗಳು

ಮನೆಯ ಮುಂದಿನ ರೂಮನ್ನು ಅಂಗಡಿ ಮಾಡಿ ಬಾಡಿಗೆಗೆ ಕೊಟ್ಟಿದ್ದೀರಾ? ಆ ಭಾಗಕ್ಕೆ ವಾಣಿಜ್ಯ ದರ. ಮೇಲೆ ಇನ್ನೊಂದು ಅಂತಸ್ತು ಕಟ್ಟಿದಿರಾ? ಅದನ್ನೂ ಸೇರಿಸಬೇಕು. ಕಡಿಮೆ ಅಳತೆ ಬರೆದು ವರ್ಷಕ್ಕೆ ಒಂದೆರಡು ಸಾವಿರ ಉಳಿಸುವವರಿದ್ದಾರೆ. ನನ್ನ ಮಟ್ಟಿಗೆ ಅದು ದಡ್ಡತನ. ಸಾಲಕ್ಕೆ ಬ್ಯಾಂಕಿಗೆ ಹೋದಾಗ, ಮಾರುವಾಗ, ಇ-ಖಾತೆಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿರುವ ಖಾತೆಯಲ್ಲಿ, ಕಾಣುವ ಅಳತೆಗೂ ಅಲ್ಲಿ ನಿಂತಿರುವ ಕಟ್ಟಡಕ್ಕೂ ತಾಳೆ ಆಗುವುದಿಲ್ಲ. ಆಗ ಓಡಾಡುವ ಖರ್ಚಿಗೆ ಹತ್ತು ವರ್ಷದ ಕಂದಾಯ ಕಟ್ಟಬಹುದಿತ್ತು. ಅಧಿಕಾರಿಗಳು ಪರಿಶೀಲನೆಗೆ ಬಂದು ಪತ್ತೆ ಮಾಡಿದರೆ ದಂಡ ಬೇರೆ.

ಉಲ್ಟಾ ತಪ್ಪುಗಳೂ ಆಗುತ್ತವೆ. ಅಂಗಡಿ ಮುಚ್ಚಿ ವರ್ಷಗಳಾದರೂ ವಾಣಿಜ್ಯ ದರವೇ ಮುಂದುವರಿಯುವುದು, ಹಳೇ ಮನೆಗೆ ಸವಕಳಿ ಹಿಡಿಯದೇ ಇರುವುದು, 30×40ರ ಸೈಟು ದಾಖಲೆಯಲ್ಲಿ 40×60 ಆಗಿರುವುದು. ಇದನ್ನು ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಸರಿಹೋಗುವುದಿಲ್ಲ. ಪೌರಾಯುಕ್ತರ ಹೆಸರಿಗೆ ಒಂದು ಅರ್ಜಿ ಬರೆಯಿರಿ. ಕ್ರಯಪತ್ರ, ಮಂಜೂರಾದ ನಕ್ಷೆ, ಈಗಿನ ಫೋಟೊ ಲಗತ್ತಿಸಿ ಕಂದಾಯ ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. ಮಾಜಿ ಸೈನಿಕರ ವಾಸದ ಮನೆಗೆ ರಿಯಾಯಿತಿ ಇದೆ, ಆದರೆ ಅದು ತಾನಾಗಿ ಬರುವುದಿಲ್ಲ, ಗುರುತಿನ ಚೀಟಿ ಲಗತ್ತಿಸಿ ಕೇಳಬೇಕು. ನಗರದೊಳಗೆ ಹೋಂಸ್ಟೇ ನಡೆಸುವವರು ತಮ್ಮ ಕಟ್ಟಡವನ್ನು ಯಾವ ವರ್ಗದಲ್ಲಿ ಹಾಕಿದ್ದಾರೆ ಎನ್ನುವುದನ್ನು ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಕಟ್ಟುವುದು

ಇದು ಚಿಕ್ಕ ಕೆಲಸ. ಹಳೇ ರಸೀದಿಯಲ್ಲಿ ಆಸ್ತಿಯ ಪಿಐಡಿ (ಆಸ್ತಿ ಗುರುತಿನ ಸಂಖ್ಯೆ) ಅಥವಾ ಅಸೆಸ್‌ಮೆಂಟ್ ನಂಬರ್ ಇರುತ್ತದೆ. ಅದನ್ನು ಕೊಟ್ಟರೆ ಚಲನ್ ತೆಗೆದುಕೊಡುತ್ತಾರೆ. ಪೌರಾಡಳಿತ ಇಲಾಖೆಯ ಆನ್‌ಲೈನ್ ತಾಣದಲ್ಲೂ ಅದೇ ನಂಬರ್ ಹಾಕಿ ಕಟ್ಟಬಹುದು. ದುಡ್ಡು ಕಟ್ಟುವ ಮುಂಚೆ ಚಲನ್‌ನಲ್ಲಿ ಮೂರು ವಿಷಯ ನೋಡಿ: ಮಾಲೀಕರ ಹೆಸರು, ಅಳತೆ, ಹಳೇ ಬಾಕಿ. ಕಟ್ಟಿದ ವರ್ಷವನ್ನೇ ಮತ್ತೆ ಬಾಕಿ ಅಂತ ತೋರಿಸುವುದು ಅಪರೂಪವೇನಲ್ಲ. ಅದಕ್ಕೇ ಹಳೇ ರಸೀದಿ ಬಿಸಾಡಬಾರದು. ರಸೀದಿಯ ಶಾಯಿ ವರ್ಷ ಕಳೆಯುವುದರೊಳಗೆ ಮಾಸಿ ಬಿಳಿ ಕಾಗದ ಆಗಿಬಿಡಬಹುದು, ಬಂದ ದಿನವೇ ಫೋನಿನಲ್ಲಿ ಫೋಟೊ ತೆಗೆದಿಡಿ. ಬಿಲ್ ಕಲೆಕ್ಟರ್ ಮನೆಗೆ ಬಂದಾಗ ನಗದು ಕೊಟ್ಟರೆ ರಸೀದಿ ಅಲ್ಲೇ ಆಗಲೇ ತಗೊಳ್ಳಿ. ನಾಳೆ ತಂದುಕೊಡ್ತೀನಿ ಅಂದರೆ ದುಡ್ಡೂ ನಾಳೆಯೇ ಕೊಡಿ.

ಕಂದಾಯ ರಸೀದಿ ಇದ್ದ ಮಾತ್ರಕ್ಕೆ ಆಸ್ತಿ ನಿಮ್ಮದಾಗುವುದಿಲ್ಲ ಎನ್ನುವುದೂ ನೆನಪಿರಲಿ. ಅದು ತೆರಿಗೆ ಕಟ್ಟಿದ್ದಕ್ಕೆ ಪುರಾವೆ, ಹಕ್ಕು ಇರುವುದು ನೋಂದಾಯಿತ ಪತ್ರದಲ್ಲಿ. ತಂದೆ ತೀರಿಹೋಗಿ ವರ್ಷಗಳಾದರೂ ಅವರ ಹೆಸರಿನಲ್ಲೇ ಕಂದಾಯ ಕಟ್ಟಿಕೊಂಡು ಹೋಗುವ ಮನೆಗಳು ನಮ್ಮಲ್ಲಿ ಎಷ್ಟೋ. ಅಣ್ಣತಮ್ಮಂದಿರು ಇನ್ನೂ ಒಟ್ಟಿಗೆ ಕೂತು ಮಾತಾಡುತ್ತಿರುವಾಗಲೇ ಖಾತೆ ಬದಲಾವಣೆ ಮಾಡಿಸಿಬಿಡಿ.

2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ಆಸ್ತಿ ನೋಂದಣಿ ಆಗುತ್ತಿಲ್ಲ. ಇ-ಖಾತೆಗೆ ಬೇಕಾಗುವುದು ಕ್ರಯಪತ್ರ ಅಥವಾ ಹಕ್ಕಿನ ಬೇರೆ ದಾಖಲೆ, ಇ.ಸಿ. (ಋಣಭಾರ ಪ್ರಮಾಣಪತ್ರ), ಈ ಸಾಲಿನ ಕಂದಾಯ ರಸೀದಿ, ಮಾಲೀಕರ ಆಧಾರ್ ಮತ್ತು ಫೋಟೊ, ಕಟ್ಟಡದ ಫೋಟೊ, ಮೆಸ್ಕಾಂ ಬಿಲ್ಲು. ಮಂಜೂರಾತಿ ಇಲ್ಲದ ಬಡಾವಣೆಯ ಸೈಟುಗಳಿಗೆ 2025ರ ಫೆಬ್ರವರಿಯಲ್ಲಿ ಸರ್ಕಾರ ಬಿ-ಖಾತೆ ಕೊಡುವ ಅಭಿಯಾನ ಶುರು ಮಾಡಿತು. ಬಿ-ಖಾತೆ ಸಿಕ್ಕಿತು ಎಂದರೆ ಬಡಾವಣೆ ಸಕ್ರಮವಾಯಿತು ಅಂತ ತಿಳಿಯಬೇಡಿ. ಆ ಆಸ್ತಿಯೂ ತೆರಿಗೆ ಲೆಕ್ಕದೊಳಗೆ ಬಂತು, ಅಷ್ಟೇ. ಅರ್ಜಿ ಕೊಟ್ಟಾಗ ಸಕಾಲ (ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಸರ್ಕಾರದ ವ್ಯವಸ್ಥೆ) ಸ್ವೀಕೃತಿ ಕೇಳಿ ಪಡೆಯಿರಿ, ಆ ನಂಬರ್ ಇದ್ದರೆ ಅರ್ಜಿ ಯಾರ ಟೇಬಲ್ ಮೇಲೆ ಕೂತಿದೆ ಅಂತ ನೋಡಬಹುದು.

ಇನ್ನು ದುಡ್ಡಿನ ಬೆನ್ನು ಹತ್ತೋಣ

ಮೇಲಿನ ಉದಾಹರಣೆಯ 4,960 ರೂಪಾಯಿಯಲ್ಲಿ ನಗರಸಭೆಗೆ ಎಷ್ಟು ಉಳಿಯುತ್ತದೆ? ಹೆಚ್ಚು ಕಡಿಮೆ 4,000. ಉಪಕರದ 960 ರೂಪಾಯಿ ಊರಿನದ್ದೇ ಅಲ್ಲ. ವಸೂಲಿ ಮಾಡಿದ್ದಕ್ಕೆ ಶೇ 10 ಇಟ್ಟುಕೊಂಡು ಉಳಿದದ್ದನ್ನು ನಗರಸಭೆ ಆಯಾ ಇಲಾಖೆಗೆ ದಾಟಿಸಬೇಕು. ದಾಟಿಸುತ್ತಾರಾ? ರಾಜ್ಯದ ಎಷ್ಟೋ ಊರುಗಳಲ್ಲಿ ಗ್ರಂಥಾಲಯ ಇಲಾಖೆಗೆ ಬರಬೇಕಾದ ಉಪಕರ ಬಾಕಿ ಬಿದ್ದಿದೆ ಅಂತ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ನಿಮ್ಮ ಊರಿನ ಲೈಬ್ರರಿಗೆ ಹೊಸ ಪುಸ್ತಕ ಬಂದಿಲ್ಲ ಅನ್ನಿಸಿದರೆ ಕೇಳಲು ಇದು ಒಳ್ಳೆಯ ಪ್ರಶ್ನೆ.

ನಗರಸಭೆಯ ದುಡ್ಡನ್ನು ಒಂದೇ ದೊಡ್ಡ ಹುಂಡಿ ಅಂದುಕೊಂಡರೆ ಮುಂದಿನದು ಅರ್ಥವಾಗುವುದಿಲ್ಲ. ಅಲ್ಲಿ ಬೇರೆ ಬೇರೆ ಬೀಗದ ಹುಂಡಿಗಳಿವೆ. ಮೊದಲನೆಯದು ಸ್ವಂತ ಆದಾಯ: ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ ಶುಲ್ಕ, ಸಂತೆ ಸುಂಕ ಇತ್ಯಾದಿ. ಇದನ್ನು ಮಂಡಳಿ ತನ್ನ ತೀರ್ಮಾನದಂತೆ ಖರ್ಚು ಮಾಡಬಹುದು. ಎರಡನೆಯದು ರಾಜ್ಯ ಹಣಕಾಸು ಆಯೋಗದ ಅನುದಾನ, ಕಚೇರಿಯಲ್ಲಿ ಎಲ್ಲರೂ ಎಸ್‌ಎಫ್‌ಸಿ ಅನ್ನುತ್ತಾರೆ. ಕಾಯಂ ಸಿಬ್ಬಂದಿಯ ಸಂಬಳಕ್ಕೆ ಒಂದು ಪಾಲು, ಬೀದಿದೀಪ ಮತ್ತು ನೀರಿನ ಪಂಪಿನ ಕರೆಂಟಿಗೆ ಒಂದು ಪಾಲು, ಉಳಿದದ್ದು ಮುಕ್ತನಿಧಿ, ಅಂದರೆ ಇಂಥದ್ದಕ್ಕೇ ಅಂತ ಕಟ್ಟಿಹಾಕದ ದುಡ್ಡು. ಯಗಚಿಯಿಂದ ಊರಿಗೆ ನೀರು ಎತ್ತಿ ತರಬೇಕಾದ ನಮ್ಮಂಥ ಊರಿಗೆ ಕರೆಂಟು ಬಿಲ್ಲು ಸಣ್ಣ ಬಾಬತ್ತಲ್ಲ. ಊರಿಗೆ ನೀರು ಕೊಡುವ ಇನ್ನೊಂದು ಮೂಲವಾದ ಹಿರೇಕೊಳಲೆ ಕೆರೆ ತುಂಬಿದ ವರ್ಷವೂ ಪಂಪು ಸುಮ್ಮನೆ ಕೂರುವುದಿಲ್ಲ.

ಮೂರನೆಯದು ಕೇಂದ್ರ ಹಣಕಾಸು ಆಯೋಗದ ದುಡ್ಡು. 15ನೇ ಆಯೋಗದ ಅವಧಿಯಲ್ಲಿ, ಅಂದರೆ 2025-26ರವರೆಗೆ, ನಮ್ಮ ಗಾತ್ರದ ಊರುಗಳಿಗೆ ಬಂದ ಹಣದಲ್ಲಿ ದೊಡ್ಡ ಪಾಲಿಗೆ, ಮೊದಲ ವರ್ಷ ಬಿಟ್ಟರೆ ಶೇ 60ಕ್ಕೆ, ಷರತ್ತು ಅಂಟಿತ್ತು: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯ ಮತ್ತು ಕಸಕ್ಕೆ. ಉಳಿದ ಪಾಲನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಇದರ ಮೇಲೆ ಅಮೃತ್, ನಗರೋತ್ಥಾನ ಅಂತ ಯೋಜನೆಗಳ ಹಣ. ಅದರ ಕೆಲಸದ ಪಟ್ಟಿ ಮೇಲೆ ಹೋಗಿ ಒಪ್ಪಿಗೆ ಪಡೆದು ಬರಬೇಕು.

ಈ ಹುಂಡಿಗಳ ವಿಷಯ ತಿಳಿದಿದ್ದರೆ ಏನು ಲಾಭ? "ಅನುದಾನ ಇಲ್ಲ" ಎನ್ನುವ ಉತ್ತರ ಬಂದ ತಕ್ಷಣ ನೀವು ಮನೆಗೆ ವಾಪಸ್ ಬರುವುದಿಲ್ಲ. ಯಾವ ಅನುದಾನ ಇಲ್ಲ ಸರ್, ಎಸ್‌ಎಫ್‌ಸಿ ಮುಕ್ತನಿಧಿಯೋ, ಹಣಕಾಸು ಆಯೋಗದ್ದೋ, ನಗರಸಭೆ ನಿಧಿಯೋ ಎಂದು ಕೇಳುತ್ತೀರಿ. ಎದುರಿಗಿರುವವರು ತಲೆ ಎತ್ತಿ ನೋಡುತ್ತಾರೆ. ಮಾತು ಅಲ್ಲಿಂದ ಬೇರೆ ಥರ ನಡೆಯುತ್ತದೆ.

ಇನ್ನೊಂದು ವಿಷಯ. ಎಲ್ಲ ರಸ್ತೆಯೂ ನಗರಸಭೆಯದ್ದಲ್ಲ. ಕೆ.ಎಂ. ರಸ್ತೆ ರಾಷ್ಟ್ರೀಯ ಹೆದ್ದಾರಿ 173ರ ಭಾಗ, ಅದರ ಗುಂಡಿಗೆ ಹೆದ್ದಾರಿಯವರನ್ನು ಕೇಳಬೇಕು. ಕೆಲವು ರಸ್ತೆ ಲೋಕೋಪಯೋಗಿ ಇಲಾಖೆಯದ್ದು. ದೊಡ್ಡ ಒಳಚರಂಡಿ ಮತ್ತು ನೀರಿನ ಕಾಮಗಾರಿಯನ್ನು ಸಾಮಾನ್ಯವಾಗಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡುತ್ತದೆ. ಅವರು ಪೈಪಿಗೆ ರಸ್ತೆ ಅಗೆದು, ಮತ್ತೆ ಮುಚ್ಚುವುದು ಯಾರು ಅಂತ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದು ಎಲ್ಲ ಊರಿನ ಕಥೆ. ಅರ್ಜಿ ಬರೆಯುವ ಮುಂಚೆ ರಸ್ತೆ ಯಾರದ್ದು ಅಂತ ತಿಳಿದುಕೊಂಡರೆ ಎರಡು ತಿಂಗಳು ಉಳಿಯುತ್ತದೆ.

ಬಜೆಟ್ ಸಭೆಗೆ ಹೋಗುವುದು

ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಅದಕ್ಕೆ ಮುಂಚಿನ ಚಳಿಗಾಲದಲ್ಲಿ, ಸಾಮಾನ್ಯವಾಗಿ ಡಿಸೆಂಬರ್, ಜನವರಿ ಹೊತ್ತಿಗೆ ಬಜೆಟ್ ಪೂರ್ವಭಾವಿ ಸಭೆ ಅಂತ ಕರೆದು ಸಾರ್ವಜನಿಕರ ಸಲಹೆ ಕೇಳುತ್ತಾರೆ. ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಪ್ರಕಟಣೆ ಬರುತ್ತದೆ, ಕಣ್ಣಿಗೆ ಬೀಳುವುದು ಕಷ್ಟ. ನವೆಂಬರ್ ಕೊನೆಗೆ ಕಚೇರಿಯ ಲೆಕ್ಕ ಶಾಖೆಯಲ್ಲಿ ಸಭೆ ಯಾವಾಗ ಅಂತ ವಿಚಾರಿಸಿಟ್ಟುಕೊಳ್ಳಿ. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲೂ ಬಜೆಟ್ ಆಗಲೇಬೇಕು. ಆಗ ಆಡಳಿತಾಧಿಕಾರಿ ಇರುತ್ತಾರೆ, ಅರ್ಜಿ ಅವರ ಹೆಸರಿಗೆ. ಮೂರು ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿಗೆ ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿಲ್ಲ. ನಮ್ಮದು ಅದರ ಅರ್ಧವೂ ಇಲ್ಲದ ಊರು. ಹಾಗಾಗಿ ನಮ್ಮಂಥವರಿಗೆ ಬಾಯಿ ಬಿಡಲು ಇರುವ ದೊಡ್ಡ ಅವಕಾಶ ಈ ಸಭೆಯೇ.

ಸಭೆಗೆ ಒಬ್ಬರೇ ಹೋಗಬೇಡಿ, ಬೀದಿಯ ನಾಲ್ಕು ಜನ ಹೋಗಿ. ಬಾಯಲ್ಲಿ ಹೇಳಿದ್ದು ಆ ಹಾಲ್‌ನಲ್ಲೇ ಉಳಿಯುತ್ತದೆ, ಒಂದು ಪುಟದ ಮನವಿ ಕೈಯಲ್ಲಿರಲಿ. ಅದರಲ್ಲಿ ಹತ್ತು ಬೇಡಿಕೆ ಬೇಡ, ಒಂದೇ ಇರಲಿ. "ನಮ್ಮ ವಾರ್ಡ್ ಅಭಿವೃದ್ಧಿ ಮಾಡಿ" ಅಂತ ಬರೆದರೆ ಅದನ್ನು ಯಾರೂ ಓದುವುದಿಲ್ಲ. ಇಂಥ ಅಡ್ಡರಸ್ತೆ, ಇಲ್ಲಿಂದ ಇಲ್ಲಿಯವರೆಗೆ, ಇಷ್ಟು ಮೀಟರ್ ಚರಂಡಿ, ಮಳೆಗಾಲದಲ್ಲಿ ಇಷ್ಟು ಮನೆಗೆ ನೀರು ನುಗ್ಗುತ್ತದೆ, ಫೋಟೊ ಲಗತ್ತಿಸಿದೆ ಎಂದು ಬರೆಯಿರಿ. ಹೆಜ್ಜೆ ಹಾಕಿ ಅಳೆದರೂ ಸಾಕು. ನಮ್ಮ ಮಲೆನಾಡಿನ ಮಳೆಯಲ್ಲಿ ತೆಗೆದ ಫೋಟೊ ಇದ್ದರೆ ಇನ್ನೂ ಒಳ್ಳೆಯದು, ಹಾಗಾಗಿ ಜುಲೈನಲ್ಲೇ ತೆಗೆದಿಟ್ಟುಕೊಳ್ಳಿ. ಜನವರಿಯಲ್ಲಿ ಒಣಗಿದ ಚರಂಡಿ ತೋರಿಸಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ.

ಬಜೆಟ್ ಪುಸ್ತಕ ಕೈಗೆ ಸಿಕ್ಕರೆ ಭಾಷಣದ ಪುಟಗಳನ್ನು ದಾಟಿ ಕೋಷ್ಟಕಕ್ಕೆ ಹೋಗಿ. ಪ್ರತಿ ಬಾಬತ್ತಿಗೂ ಹಿಂದಿನ ವರ್ಷ ನಿಜವಾಗಿ ಆದದ್ದು, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಇರುತ್ತದೆ. ಇವುಗಳನ್ನು ಅಕ್ಕಪಕ್ಕ ಇಟ್ಟು ಓದಿ. ಹಿಂದಿನ ವರ್ಷ ಉದ್ಯಾನಕ್ಕೆ ಖರ್ಚಾದದ್ದು ಎರಡು ಲಕ್ಷ, ಮುಂದಿನ ವರ್ಷಕ್ಕೆ ಬರೆದದ್ದು ಐವತ್ತು ಲಕ್ಷ ಅಂತಿದ್ದರೆ ಆ ಐವತ್ತು ಬರೀ ಆಸೆ. ಪೇಪರಿನಲ್ಲಿ ಬರುವ "ಉಳಿತಾಯ ಬಜೆಟ್" ಎನ್ನುವ ತಲೆಬರಹಕ್ಕೂ ನಾನು ಬೆಲೆ ಕೊಡುವುದಿಲ್ಲ. ಬರಬೇಕಾದ ಆದಾಯವನ್ನು ಜಾಸ್ತಿ ಬರೆದರೆ ಯಾವ ಬಜೆಟ್ಟಾದರೂ ಉಳಿತಾಯವೇ.

ಅದೇ ಸಭೆಯಲ್ಲಿ ಡಿಸಿಬಿ ತಖ್ತೆ ಕೇಳಿ. ಬೇಡಿಕೆ, ವಸೂಲಿ, ಬಾಕಿ, ಮೂರೂ ಅದರಲ್ಲಿ ಇರುತ್ತವೆ. ಆಸ್ತಿ ತೆರಿಗೆಯದ್ದನ್ನು ವಾರ್ಡ್‌ವಾರು ಕೇಳಿ, ಮಳಿಗೆ ಬಾಡಿಗೆಯದ್ದನ್ನು ಬೇರೆ ಕೇಳಿ. ಮನೆ ಕಂದಾಯ ಎರಡು ವರ್ಷ ತಪ್ಪಿದರೆ ನೋಟಿಸು ಬರುತ್ತದೆ, ಅದೇ ಊರಿನ ಆಯಕಟ್ಟಿನ ಜಾಗದ ಮಳಿಗೆಯ ಬಾಡಿಗೆ ವರ್ಷಗಟ್ಟಲೆ ಬಾಕಿ ಇದ್ದರೂ ಬಾಗಿಲು ತೆರೆದೇ ಇರುತ್ತದೆ. ಕಂದಾಯ ಏರಿಸುವ ಮುಂಚೆ ಇದನ್ನು ವಸೂಲು ಮಾಡಿ ಎಂದು ಕೇಳುವ ಹಕ್ಕು ಸರಿಯಾಗಿ ಕಂದಾಯ ಕಟ್ಟಿದವರಿಗೆ ಇದೆ.

ಇದಲ್ಲದೆ ಸ್ಥಳೀಯ ನಿಧಿಯಲ್ಲಿ ಕಡ್ಡಾಯವಾಗಿ ತೆಗೆದಿಡಬೇಕಾದ ಪಾಲುಗಳಿವೆ: ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ವಿದ್ಯಾರ್ಥಿಗಳ ಶುಲ್ಕ ಮರುಪಾವತಿ, ಲ್ಯಾಪ್‌ಟಾಪ್, ತ್ರಿಚಕ್ರ ವಾಹನ, ಚಿಕಿತ್ಸೆಗೆ ನೆರವು ಇವೆಲ್ಲ ಇದರಿಂದಲೇ ಕೊಡುವುದು. ಅರ್ಜಿ ಕರೆದದ್ದೇ ಗೊತ್ತಾಗದೆ ಎಷ್ಟೋ ಮನೆಗಳಿಗೆ ತಪ್ಪಿಹೋಗುತ್ತದೆ. ನಿಮ್ಮ ಮನೆಗೆ ಬೇಕಿಲ್ಲದಿದ್ದರೂ ಮನೆಗೆಲಸಕ್ಕೆ ಬರುವ ಅಕ್ಕನಿಗೋ, ಪಕ್ಕದ ಬೀದಿಯ ಹುಡುಗನಿಗೋ ಹೇಳಿ.

ಕೆಲಸ ಶುರುವಾದ ಮೇಲೆ

ಬಜೆಟ್‌ನಲ್ಲಿ ದುಡ್ಡು ಇಟ್ಟ ತಕ್ಷಣ ಜೆಸಿಬಿ ಬರುವುದಿಲ್ಲ. ಕ್ರಿಯಾಯೋಜನೆಯಲ್ಲಿ ಹೆಸರು ಸೇರಬೇಕು, ಅಂದಾಜು ಪಟ್ಟಿ ಆಗಬೇಕು, ಟೆಂಡರ್ ಆಗಬೇಕು, ಕಾರ್ಯಾದೇಶ ಕೊಡಬೇಕು. ನಿಮ್ಮ ಚರಂಡಿ ಎಲ್ಲಿ ನಿಂತಿದೆ ಅಂತ ಈ ಸಾಲಿನಲ್ಲಿ ಗುರುತಿಸಿ ಕೇಳಿದರೆ ಉತ್ತರವೂ ಸ್ಪಷ್ಟವಾಗಿ ಸಿಗುತ್ತದೆ. ಟೆಂಡರ್‌ಗಳು ರಾಜ್ಯದ ಕೆಪಿಪಿಪಿ ಜಾಲತಾಣದಲ್ಲಿ ಇರುತ್ತವೆ, ಊರಿನ ಹೆಸರು ಹಾಕಿ ಹುಡುಕಿ ನೋಡಿ.

ಕೆಲಸ ನಡೆಯುವಾಗ ಅಂದಾಜು ಪಟ್ಟಿಯ ಪ್ರತಿ ಕೈಯಲ್ಲಿರಲಿ. ಅದರಲ್ಲಿ ಕಾಂಕ್ರೀಟಿನ ದಪ್ಪ, ಅಗಲ, ಉದ್ದ ಎಲ್ಲ ಬರೆದಿರುತ್ತದೆ. ಒಂದು ಟೇಪು ಸಾಕು. ಕಂಟ್ರಾಕ್ಟರ್ ಜೊತೆ ಜಗಳಕ್ಕೆ ನಿಲ್ಲಬೇಡಿ, ಅಳತೆಯ ಫೋಟೊ ತೆಗೆದು ಎಂಜಿನಿಯರಿಗೆ ಕಳಿಸಿ. ಬಿಲ್ಲು ಪಾಸಾಗುವುದು ಎಂ.ಬಿ. ಅನ್ನುವ ಅಳತೆ ಪುಸ್ತಕದ ಮೇಲೆ. ಅಲ್ಲಿ ಬರೆದಾದ ಮೇಲೆ ತಿದ್ದಿಸುವುದು ಕಷ್ಟ, ಅದಕ್ಕೆ ಮುಂಚೆಯೇ ಕೇಳಬೇಕು. ಮುಗಿದ ಕಾಮಗಾರಿಗೆ ದೋಷ ಹೊಣೆಗಾರಿಕೆ ಅವಧಿ ಅಂತ ಇರುತ್ತದೆ. ಒಪ್ಪಂದದಲ್ಲಿ ಎಷ್ಟು ಅಂತ ನೋಡಿಟ್ಟುಕೊಳ್ಳಿ. ಆ ಅವಧಿಯೊಳಗೆ ರಸ್ತೆ ಕಿತ್ತುಹೋದರೆ ಅದೇ ಕಂಟ್ರಾಕ್ಟರ್ ತನ್ನ ಖರ್ಚಿನಲ್ಲಿ ಸರಿಮಾಡಬೇಕು, ನಿಮ್ಮ ಕಂದಾಯದಿಂದ ಇನ್ನೊಂದು ಸಲ ಕೊಡಬೇಕಾಗಿಲ್ಲ.

ಉತ್ತರ ಬರದಿದ್ದರೆ

ಮೊದಲು ನಗರಸಭೆಯಲ್ಲೇ ಲಿಖಿತ ದೂರು, ಅಥವಾ ಜನಹಿತ ಆ್ಯಪ್. ಬೀದಿದೀಪ, ಕಸದಂಥ ಸಣ್ಣ ವಿಷಯಕ್ಕೆ ಆ್ಯಪೇ ಸಾಕು. ಅಲ್ಲಿಗೂ ಆಗದಿದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶ, ಅದರ ಯೋಜನಾ ನಿರ್ದೇಶಕರು ಜಿಲ್ಲೆಯ ಎಲ್ಲ ನಗರ ಸಂಸ್ಥೆಗಳ ಕೆಲಸ ನೋಡುತ್ತಾರೆ. ಆ ಬಾಗಿಲು ಬಹಳ ಜನಕ್ಕೆ ಗೊತ್ತೇ ಇಲ್ಲ.

ಕಾಗದ ಬೇಕೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆ. ಹತ್ತು ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಆದೀತು. ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಯಾಕೆ ಮಾಡಿಲ್ಲ" ಎಂದು ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ ಎಂದು ಬರೆದು ಕಳಿಸುತ್ತಾರೆ. ದಾಖಲೆಯ ಹೆಸರು ಹೇಳಿ ಕೇಳಿ. ಹೀಗೆ: "ವಾರ್ಡ್ ನಂಬರ್ ಇಂಥದ್ದರಲ್ಲಿ 2024-25ನೇ ಸಾಲಿನಲ್ಲಿ ಕೈಗೊಂಡ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು ಮತ್ತು ಪಾವತಿಸಿದ ಬಿಲ್ಲುಗಳ ದೃಢೀಕೃತ ಪ್ರತಿ ಕೊಡಿ." ಎಷ್ಟು ಪುಟ ಆಗುತ್ತದೋ ಗೊತ್ತಿಲ್ಲದಿದ್ದರೆ ಮೊದಲು ಕಡತ ಪರಿಶೀಲನೆಗೆ ಅವಕಾಶ ಕೇಳಿ, ಬೇಕಾದ ಪುಟಗಳನ್ನಷ್ಟೇ ಗುರುತು ಮಾಡಿ ಪ್ರತಿ ತೆಗೆಸಿಕೊಳ್ಳಬಹುದು.

ಉತ್ತರಕ್ಕೆ 30 ದಿನ ಗಡುವು. ಬರದಿದ್ದರೆ, ಅಥವಾ ಅರೆಬರೆ ಬಂದರೆ, ಅಲ್ಲಿಂದ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದರಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ತಡವಾಗುತ್ತದೆ, ಆದರೆ ಬಹಳಷ್ಟು ಕಡತ ಮೊದಲ ಮೇಲ್ಮನವಿ ಹಾಕಿದಾಗಲೇ ಹೊರಗೆ ಬರುತ್ತದೆ. ಅಂಚೆಯಲ್ಲಿ ಕಳಿಸುವುದಾದರೆ ಸ್ಪೀಡ್ ಪೋಸ್ಟ್ ಮಾಡಿ ಸ್ವೀಕೃತಿ ಇಟ್ಟುಕೊಳ್ಳಿ, ಕೈಯಲ್ಲಿ ಕೊಡುವುದಾದರೆ ಪ್ರತಿಯ ಮೇಲೆ ಸೀಲು ಹಾಕಿಸಿ. ಆ 30 ದಿನ ಎಣಿಸುವುದು ಅರ್ಜಿ ಅವರ ಕೈಸೇರಿದ ತಾರೀಖಿನಿಂದ.